ಕೋರೆಲ್ ಬಿಟ್ಟು ಇಂಕ್‌ಸ್ಕೇಪ್‌ಗೆ ಬರುವ ಮೊದಲು ಇಷ್ಟು ಮಾಡಿಟ್ಕೊಳ್ಳಿ

ಉಡುಪಿ ಕಡೆ ಆಮಂತ್ರಣ, ಫ್ಲೆಕ್ಸ್ ಡಿಸೈನ್ ಮಾಡುವವರು ಯಾರಾದ್ರೂ ಕೋರೆಲ್ ಡ್ರಾ ಬಿಟ್ಟು ಇಂಕ್‌ಸ್ಕೇಪ್ ಎಂಬ ಫ್ರೀ ಡಿಸೈನ್ ಸಾಫ್ಟ್‌ವೇರಿಗೆ ಬರುವ ಯೋಚನೆಯಲ್ಲಿದ್ರೆ ಹಳೆ ಕೋರೆಲ್ ಡಿಲೀಟ್ ಮಾಡುವ ಮೊದಲೇ ಫೈಲ್‌ಗಳನ್ನೆಲ್ಲ ಎಸ್‌ವಿಜಿ (ಇಂಕ್‌ಸ್ಕೇಪ್ ಬಳಸುವ ಫೈಲ್ ನಮೂನೆ) ಮಾಡಿಟ್ಕೊಳ್ಳಿ ಮಾರಾಯ್ರೆ, ಕೋರೆಲ್‌ನ ಸಿಡಿಆರ್ ಫೈಲ್ ಇಂಕ್‌ಸ್ಕೇಪಲ್ಲೂ ಓಪನ್ ಆಗ್ತದೆ ಆದ್ರೆ ಎಲ್ಲ ಸರಿ ಬರುದಿಲ್ಲ. ನಾನೊಂದು ಯಕ್ಷಗಾನ ಪೋಸ್ಟರ್ ತೆಗೆದಾಗ ನುಡಿ ಫಾಂಟಲ್ಲಿದ್ದ ಪ್ರಸಂಗದ ಹೆಸರು ಪೂರ್ತಿ ಇಂಗ್ಲಿಷ್ ಅಕ್ಷರ, ಚಿಹ್ನೆ ಆಗಿ ಬಂತು, ಯಾಕಂದ್ರೆ ಆ ಫಾಂಟ್ ಹೊಸ ಕಂಪ್ಯೂಟರಲ್ಲಿ ಇರ್ಲಿಲ್ಲ. ಹಾಗಾಗಿ ಕೋರೆಲಲ್ಲೇ ಒಂದು ಕಾಪಿ ತೆಗ್ದು ಕಂಟ್ರೋಲ್ ಕ್ಯೂ ಒತ್ತಿ ಅಕ್ಷರಗಳನ್ನು ಕರ್ವ್ (ಫಾಂಟ್ ಬೇಡದ ಬರೀ ಆಕಾರ) ಮಾಡಿ, ಮತ್ತೆ ಎಕ್ಸ್‌ಪೋರ್ಟ್ ಮಾಡಿ. ಹೊಸ ಕೆಲ್ಸ ಯೂನಿಕೋಡಲ್ಲೇ ಟೈಪ್ ಮಾಡಿ, ಒತ್ತಕ್ಷರ ಚಂದ ಬರ್ತದೆ.

ಕೈಗೆ ಹಳೆ ಕೀ ಅಭ್ಯಾಸ ಉಂಟಲ್ವಾ, ಅದಕ್ಕೆ ಇಂಕ್‌ಸ್ಕೇಪಿನ ಪ್ರಿಫರೆನ್ಸಸ್‌ನ ಕೀಬೋರ್ಡಲ್ಲಿ ಕೋರೆಲ್, ಇಲ್ಲಸ್ಟ್ರೇಟರ್ ಶಾರ್ಟ್‌ಕಟ್ ಸೆಟ್ ರೆಡಿ ಉಂಟು, ಆರಿಸಿದ್ರೆ ಆಯ್ತು.

ಪ್ರೆಸ್ಸಿಗೆ ಕೊಡುವಾಗ ಮಾತ್ರ ಜಾಗ್ರತೆ, ಇಂಕ್‌ಸ್ಕೇಪ್ ಆರ್‌ಜಿಬಿಯಲ್ಲಿ, ಅಂದ್ರೆ ಸ್ಕ್ರೀನಿನ ಬಣ್ಣಗಳಲ್ಲಿ ಕೆಲ್ಸ ಮಾಡುದು. ಆಫ್‌ಸೆಟ್ ಆದ್ರೆ ಸ್ಕ್ರೈಬಸ್ ಎಂಬ ಪೇಜ್ ಲೇಔಟ್ ಸಾಫ್ಟ್‌ವೇರಿಗೆ ಹಾಕಿ ಸಿಎಂವೈಕೆ (ಪ್ರೆಸ್ಸಿನ ನಾಲ್ಕು ಇಂಕಿನ ಬಣ್ಣ) ಪಿಡಿಎಫ್ ತೆಗೀರಿ, ಅದೂ ಫ್ರೀ. ಕುಂಕುಮದ ಕೆಂಪು ಇದ್ರೆ ಪ್ರಿಂಟಲ್ಲಿ ಬಣ್ಣ ಬದಲಾಗ್ಬಹುದು, ಒಂದು ಪ್ರೂಫ್ (ಮಾದರಿ ಪ್ರಿಂಟ್) ನೋಡಿಯೇ ಓಕೆ ಹೇಳಿ.