ಸ್ಕೀ ಓಟಕ್ಕೆ ಅಗ್ಗದ ಚಿಪ್ ಒಗ್ಗಿದ ಬಗೆ: ನನ್ನ ಅನುಭವ

ಮಿನೆಸೋಟದ ನಮ್ಮ ಸಣ್ಣ ಕ್ಲಬ್ಬಿನ ಕ್ರಾಸ್ ಕಂಟ್ರಿ ಸ್ಕೀ ಓಟಗಳಲ್ಲಿ (ಹಿಮದ ಮೇಲೆ ಜಾರುತ್ತ ಸಾಗುವ ಓಟ) ಸಮಯ ದಾಖಲಿಸಲು, ರೇಡಿಯೊ ತರಂಗಕ್ಕೆ ಮಾರುತ್ತರ ಕೊಡುವ ಬ್ಯಾಟರಿಯಿಲ್ಲದ ಯುಎಚ್ಎಫ್ ಚಿಪ್ ಒಗ್ಗುವುದಿಲ್ಲ, ಬ್ಯಾಟರಿಯುಳ್ಳ ಆ್ಯಕ್ಟಿವ್ ಚಿಪ್ಪನ್ನೇ ಬಾಡಿಗೆಗೆ ತರಬೇಕು ಎಂದು ಈ ಕೆಲಸದಲ್ಲಿ ಪಳಗಿದವರೆಲ್ಲ ಹೇಳುತ್ತಿದ್ದರು. ಕಳೆದ ಚಳಿಗಾಲದಲ್ಲಿ ಸುಮಾರು ಇನ್ನೂರು ಜನ ಓಡಿದ ಸ್ಪರ್ಧೆಯಲ್ಲಿ ಒಬ್ಬರ ಸಮಯವೂ ಬಿಟ್ಟುಹೋಗದೆ ಫಲಿತಾಂಶ ಸಿದ್ಧವಾದ ಮೇಲೆ ಅದೇ ಹಿರಿಯರು ನನ್ನ ಆ್ಯಂಟೆನಾಗಳ ಅಳತೆ ಕೇಳಲು ಬಂದರು.

ನೆರೆಯ ವಿಸ್ಕಾನ್ಸಿನ್‌ನಲ್ಲಿ 1973ರಿಂದ ನಡೆದುಬಂದಿರುವ, ಈಗ ಕೇಬಲ್‌ನಿಂದ ಹೇವರ್ಡ್‌ವರೆಗೆ ಸಾವಿರಾರು ಜನ ಓಡುವ ಅಮೆರಿಕನ್ ಬಿರ್ಕೆಬೈನರ್‌ನಂಥ ಸ್ಪರ್ಧೆಗೆ ದೊಡ್ಡ ಖರ್ಚು ಭಾರವಾಗದು. ನಮಗೆ ಮಾತ್ರ ಒಂದು ಓಟಕ್ಕೆ ಸಾವಿರದೈನೂರು ಡಾಲರ್‌ಗಳಷ್ಟು ಬಾಡಿಗೆ ಎಂದರೆ ಪ್ರವೇಶ ಶುಲ್ಕದ ಕಾಲು ಭಾಗವೇ ಹೋದಂತೆ. ಚಿಪ್ ಓದುವ ಯಂತ್ರವಾದ ನಾಲ್ಕು ಪೋರ್ಟಿನ ಸೆಕೆಂಡ್ ಹ್ಯಾಂಡ್ ರೀಡರ್, ಎರಡು ಆ್ಯಂಟೆನಾ, ಕೇಬಲ್ ಎಲ್ಲ ಸೇರಿ ನನಗೆ ಸಾವಿರದ ನೂರು ಡಾಲರಿನ ಆಸುಪಾಸಿನಲ್ಲಿ ದೊರೆತವು. ಚಿಪ್ ಇರುವ ಅಂಟುಚೀಟಿ, ಅಂದರೆ ಟ್ಯಾಗ್, ಒಂದಕ್ಕೆ ನಲವತ್ತು ಸೆಂಟ್ ಇರಬಹುದು.

ಮೊದಲು ಟ್ಯಾಗನ್ನು ಎದೆಯ ಮೇಲಿನ ಸಂಖ್ಯೆಯ ಬಟ್ಟೆಗೆ, ಅಂದರೆ ಬಿಬ್ಬಿಗೆ, ಅಂಟಿಸಿದ್ದೆವು. ಓಟಗಾರರು ಎರಡೂ ಪೋಲ್ (ಊರುಗೋಲು) ಊರಿ ಬಾಗಿದಾಗ ಬಿಬ್ ಹಿಮದ ಕಡೆಗೆ ತಿರುಗುತ್ತದೆ, ಬೆವರಿನಿಂದ ಮೈಗೆ ಅಂಟುತ್ತದೆ, ದೇಹದ ನೀರು ಆ ತರಂಗಗಳನ್ನು ಹೀರಿಕೊಳ್ಳುತ್ತದೆ. ಹತ್ತರಲ್ಲಿ ಕನಿಷ್ಠ ಒಂದು ಟ್ಯಾಗ್ ದಾಖಲಾಗದೆ ಉಳಿಯುತ್ತಿತ್ತು. ನೆಲಕ್ಕೆ ಹಾಸುವ ಆ್ಯಂಟೆನಾ ಮ್ಯಾಟ್ ಪ್ರಯತ್ನಿಸಿದಾಗ ಪೋಲ್‌ಗಳ ಕಾರ್ಬೈಡ್ ಮೊನೆಗಳು ಅದರ ಮೇಲ್ಪದರವನ್ನು ಚುಚ್ಚಿ ಹಾಕಿದವು. ಮಧ್ಯಾಹ್ನದ ಬಿಸಿಲಿಗೆ ಕರಗಿದ ಹಿಮ ಸಂಜೆ ಮತ್ತೆ ಹೆಪ್ಪುಗಟ್ಟಿದ್ದರಿಂದ ಮ್ಯಾಟನ್ನು ಗುದ್ದಲಿಯಿಂದ ಬಿಡಿಸಬೇಕಾಯಿತು.

ಟ್ಯಾಗನ್ನು ಪಟ್ಟಿಯೊಂದರಲ್ಲಿ ಕಣಕಾಲಿಗೆ ಇಳಿಸಿದ ಮೇಲೆ, ಸ್ಕೀಗಳನ್ನು ನೇರ ಜಾಡಿನಲ್ಲಿ ನಡೆಸುವ ಕ್ಲಾಸಿಕ್ ಓಟಗಳು ಸರಿಹೋದವು, ಸ್ಕೇಟಿಂಗಿನಂತೆ ಪಕ್ಕಕ್ಕೆ ಒತ್ತಿ ಸಾಗುವ ಸ್ಕೇಟ್ ಓಟಗಳು ಸರಿಹೋಗಲಿಲ್ಲ. ಹಲವು ವಾರ ರೀಡರನ್ನು ಶಂಕಿಸಿದ ನಂತರ ಕಾರಣ ಬೂಟಿನಲ್ಲಿದೆ ಎಂದು ತಿಳಿಯಿತು: ಸ್ಪರ್ಧೆಯ ಸ್ಕೇಟ್ ಬೂಟುಗಳಲ್ಲಿ ಕಣಕಾಲನ್ನು ಸುತ್ತುವ ಗಟ್ಟಿ ಭಾಗದಲ್ಲಿ ಕಾರ್ಬನ್ ಫೈಬರ್ ಇರುತ್ತದೆ, ಅದು ವಿದ್ಯುತ್ ವಾಹಕವಾದ್ದರಿಂದ ತಾಗಿಕೊಂಡ ಟ್ಯಾಗಿನ ಶಕ್ತಿ ಕುಂದುತ್ತದೆ. ಟ್ಯಾಗಿನ ಹಿಂದೆ ಸುಮಾರು ಒಂದು ಸೆಂಟಿಮೀಟರ್ ದಪ್ಪದ ಫೋಮ್ ಇಟ್ಟು, ಎರಡೂ ಕಾಲಿಗೆ ಒಂದೊಂದರಂತೆ ಕಟ್ಟಿ, ಅಂತಿಮ ಗೆರೆಯ ಎರಡೂ ಬದಿ ಮೊಣಕಾಲೆತ್ತರದಲ್ಲಿ ಆ್ಯಂಟೆನಾ ನಿಲ್ಲಿಸಿದಾಗ ತೊಂದರೆ ತೀರಿತು. ಆ್ಯಂಟೆನಾಗಳನ್ನು ಯಾವ ಕೋನಕ್ಕೆ ತಿರುಗಿಸಿದ್ದೇನೆ ಎಂಬುದನ್ನು ಮಾತ್ರ ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ರೀಡರಿನ ಮೊದಲ ಓದನ್ನೇ ಸಮಯವೆಂದು ಹಿಡಿಯಬಾರದು. ಅದು ಗೆರೆಗೆ ನಾಲ್ಕೈದು ಮೀಟರ್ ಮುಂಚೆಯೇ ಬರುತ್ತದೆ. ಸಿಗ್ನಲ್ ಏರಿ ಇಳಿಯುವ ರೇಖೆಯ ಶಿಖರವನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೆ, ಬೆಳಕಿನ ಕಿರಣ ಕಡಿದಾಗ ಸಮಯ ಹಿಡಿಯುವ ಫೋಟೊಸೆಲ್ಲಿಗೂ ನನ್ನ ಲೆಕ್ಕಕ್ಕೂ ಹೆಚ್ಚೆಂದರೆ ಸೆಕೆಂಡಿನ ಹತ್ತರಲ್ಲಿ ಎರಡು ಭಾಗದಷ್ಟು ಅಂತರ ಉಳಿಯಿತು. ಭುಜಕ್ಕೆ ಭುಜ ತಾಗುವಂತೆ ಬಂದವರ ಸ್ಥಾನವನ್ನು ಚಿಪ್ ತೀರ್ಮಾನಿಸಬಾರದೆಂಬುದು ನನ್ನ ದೃಢ ಅಭಿಪ್ರಾಯ. ಅಂತರರಾಷ್ಟ್ರೀಯ ಸ್ಕೀ ಸಂಸ್ಥೆಯ ಫೋಟೊ ಫಿನಿಶ್ ನಿಯಮದಂತೆ ಬೂಟಿನ ತುದಿಯನ್ನೇ ನೋಡಬೇಕು, ಅದಕ್ಕೆ ಕ್ಯಾಮೆರಾ ಇಟ್ಟಿದ್ದೇನೆ.

ನಡುವೆ ಕೈಗವಸಿಗೂ ಸ್ಕೀಗೂ ಟ್ಯಾಗ್ ಹಚ್ಚಿ ನೋಡಿದೆ. ಗವಸಿನ ಸಿಗ್ನಲ್ ಅತ್ಯುತ್ತಮವಾಗಿತ್ತು, ಆದರೆ ಮುಂದೆ ಚಾಚಿದ ಕೈ ದೇಹಕ್ಕಿಂತ ಮೊದಲೇ ಗೆರೆ ದಾಟುತ್ತದೆ. ಸ್ಕೀಗಳನ್ನಂತೂ ಜನ ಕೊನೆಯ ಗಳಿಗೆಯಲ್ಲಿ ಬದಲಿಸುತ್ತಾರೆ. ಒಣ ಹಿಮದಿಂದ ಸಿಗ್ನಲ್ಲಿಗೆ ಬಾಧೆಯಿಲ್ಲ. ಮಾರ್ಚ್ ತಿಂಗಳ ಒದ್ದೆ ಹಿಮ ಪಟ್ಟಿಗೆ ಮೆತ್ತಿಕೊಂಡರೆ ಓದುಗಳ ಸಂಖ್ಯೆ ಅರ್ಧಕ್ಕೆ ಇಳಿಯುತ್ತದೆ, ಆಗಲೂ ಎರಡನೆಯ ಕಾಲಿನ ಟ್ಯಾಗ್ ಕಾಪಾಡಿದೆ. ಮೈನಸ್ ಇಪ್ಪತ್ತು ಡಿಗ್ರಿಯಲ್ಲಿ ಲ್ಯಾಪ್‌ಟಾಪ್ ತಾನಾಗಿ ಆರಿಹೋಗುವುದರಿಂದ ಅದನ್ನೂ ಬ್ಯಾಟರಿಯನ್ನೂ ಬಿಸಿನೀರಿನ ಬಾಟಲಿಗಳೊಂದಿಗೆ ಪಿಕ್ನಿಕ್ ಐಸ್ ಪೆಟ್ಟಿಗೆಯಲ್ಲಿ ಇಡುತ್ತೇನೆ.

ಪ್ರತಿ ಓಟದಲ್ಲೂ ಹತ್ತಿಪ್ಪತ್ತು ಪಟ್ಟಿಗಳು ಕಾಲಲ್ಲೇ ಮನೆ ಸೇರುತ್ತವೆ. ಆ್ಯಕ್ಟಿವ್ ಚಿಪ್ ಆಗಿದ್ದರೆ ಒಂದೊಂದಕ್ಕೂ ಹತ್ತಾರು ಡಾಲರ್ ದಂಡ ವಸೂಲಿ ಮಾಡಬೇಕಿತ್ತು. ಈಗ ಮುಂದಿನ ಓಟಕ್ಕೆ ಹೊಸ ಟ್ಯಾಗ್ ಕತ್ತರಿಸಿ ಫೋಮಿಗೆ ಅಂಟಿಸಿದರೆ ಸಾಕು.