ಟ್ಯಾಕ್ ಹಾಕುವಾಗಲೇ ಕಣ್ಣು ಕೆಡೋದು: ವೆಲ್ಡಿಂಗ್ ಬೆಳಕಿನಿಂದ ಪಾರಾಗುವುದು ಹೇಗೆ?

ಗ್ರಿಲ್ ಅಂಗಡಿಗಳಲ್ಲಿ ಉದ್ದಕ್ಕೆ ವೆಲ್ಡ್ ಎಳೆಯುವಾಗ ಕಪ್ಪು ಗಾಜಿನ ಶೀಲ್ಡ್ ಕೆಳಗಿಡುವವರು ಕಡಿಮೆ. ಟ್ಯಾಕ್ ಹಾಕುವಾಗಲೇ, ಅಂದರೆ ತುಂಡುಗಳು ಅಲುಗದಂತೆ ಅಲ್ಲಲ್ಲಿ ಚಿಕ್ಕ ಬೆಸುಗೆ ಹಾಕುವಾಗಲೇ, ಇಡೋದು. ಒಂದು ಕೈಯಲ್ಲಿ ರಾಡ್ ಕಚ್ಚಿಸಿದ ಹೋಲ್ಡರ್, ಇನ್ನೊಂದರಲ್ಲಿ ಪೈಪ್, ಶೀಲ್ಡ್ ಹಿಡಿಯಲು ಮೂರನೇ ಕೈ ಎಲ್ಲಿಂದ ತರೋಣ? ಕಣ್ಣು ಮುಚ್ಚಿ, ಮುಖ ಆಚೆ ತಿರುಗಿಸಿ ಟಕ್ ಅಂತ ಒಂದು ಟ್ಯಾಕ್. ಎಷ್ಟೋ ಸಲ ಕಣ್ಣು ಮುಚ್ಚುವ ಮೊದಲೇ ಬೆಳಕು ಹತ್ತಿರುತ್ತದೆ. ಹೀಗೆ ಬಿದ್ದ ಚೂರುಪಾರು ಅತಿನೇರಳೆ ಕಿರಣವೆಲ್ಲ ದಿನವಿಡೀ ಕೂಡುತ್ತಾ ಹೋಗುತ್ತದೆ. ಆಗ ನೋವೇ ಇಲ್ಲ, ಅದೇ ಮೋಸ. ಆರರಿಂದ ಹನ್ನೆರಡು ಗಂಟೆ ಕಳೆದ ಮೇಲೆ, ಅಂದರೆ ಊಟ ಮಾಡಿ ಮಲಗಿದ ಹೊತ್ತಿಗೆ, ಕಣ್ಣಿಗೆ ಮರಳು ಸುರಿದಂತೆ ಉರಿ ಶುರುವಾಗುತ್ತದೆ. ನೀರು ಸುರಿಯುತ್ತದೆ, ಲೈಟ್ ಹಾಕಿದರೆ ಚುಚ್ಚುತ್ತದೆ.

ಹಾಗಾಗಿ ಮೊದಲ ಕೆಲಸ, ಕೈಯಲ್ಲಿ ಹಿಡಿಯುವ ಶೀಲ್ಡ್ ಬಿಟ್ಟು ತಲೆಗೆ ಹಾಕುವ ಹೆಲ್ಮೆಟ್ ತೆಗೆದುಕೊಳ್ಳಿ. ಕಿಡಿ ಹತ್ತಿದ ಕೂಡಲೇ ತಾನಾಗಿ ಕಪ್ಪಾಗುವ ಆಟೋ ಡಾರ್ಕ್ ಹೆಲ್ಮೆಟ್ ಟ್ಯಾಕ್ ಕೆಲಸಕ್ಕೆ ಹೇಳಿ ಮಾಡಿಸಿದ್ದು. ಒಳ್ಳೆಯ ಗಾಜಾದರೆ ಅದು ಕಪ್ಪಾಗದೆ ಇದ್ದಾಗಲೂ ಅತಿನೇರಳೆ ಕಿರಣವನ್ನು ತಡೆಯುತ್ತದೆ. ಸೆನ್ಸರ್ ಮೇಲೆ ಧೂಳು, ಸ್ಪ್ಯಾಟರ್ (ಸಿಡಿದ ಲೋಹದ ಹನಿ) ಕೂರದಂತೆ ಒರೆಸಿಡಿ, ಬೆಳಿಗ್ಗೆ ಒಂದು ಕಿಡಿ ಹತ್ತಿಸಿ ಕಪ್ಪಾಗುತ್ತದಾ ನೋಡಿ, ತಡವರಿಸಿದರೆ ಅವತ್ತು ಅದನ್ನು ಬಳಸಬೇಡಿ.

ಗಾಜಿನ ನಂಬರ್, ಅಂದರೆ ಅದು ಎಷ್ಟು ಕಪ್ಪು ಅನ್ನುವ ವಿಷಯದಲ್ಲಿ ಅಂದಾಜು ಬೇಡ. ರಾಡ್ ವೆಲ್ಡಿಂಗ್‌ನಲ್ಲಿ 60ರಿಂದ 160 ಆಂಪ್ಸ್‌ವರೆಗೆ 10ನೇ ನಂಬರ್ ಸಾಕು, ಅದಕ್ಕಿಂತ ಜಾಸ್ತಿ, 250ರವರೆಗೆ ಹೋದರೆ 12. ಗ್ಯಾಸ್ ಕಟಿಂಗ್ ಕನ್ನಡಕ 5ರ ಆಸುಪಾಸಿನದು, ಅದನ್ನು ಹಾಕಿಕೊಂಡು ಆರ್ಕ್ (ರಾಡಿನ ತುದಿಯ ಕರೆಂಟ್ ಕಿಡಿ) ಹೊಡೆಯಬೇಡಿ. ಬಿಸಿಲಿನ ಕೂಲಿಂಗ್ ಗ್ಲಾಸ್ ಬಗ್ಗೆ ಹೇಳಲೇಬೇಕಿಲ್ಲ ಅಲ್ವಾ? ಕಪ್ಪು ಗಾಜು ಬಿರುಕು ಬಿಟ್ಟಿದ್ದರೆ ಎಸೆಯಿರಿ, ಟೇಪ್ ಹಚ್ಚಬೇಡಿ. ಹೆಲ್ಮೆಟ್ ಒಳಗೆ ಬಿಳಿ ಪಾಲಿಕಾರ್ಬೊನೇಟ್ ಕನ್ನಡಕವೂ ಇರಲಿ. ಹೆಲ್ಮೆಟ್ ಎತ್ತಿ ಸ್ಲ್ಯಾಗ್ (ವೆಲ್ಡ್ ಮೇಲೆ ಗಟ್ಟಿಯಾದ ಕಿಟ್ಟ) ಕುಟ್ಟುವಾಗ ಚೂರು ಕಣ್ಣಿಗೆ ಹಾರುವುದಿಲ್ಲ, ಪಕ್ಕದವರ ಆರ್ಕ್‌ನ ಅತಿನೇರಳೆಯನ್ನೂ ಅದು ಬಹಳಷ್ಟು ತಡೆಯುತ್ತದೆ.

ಆ ಪಕ್ಕದವರ ಆರ್ಕ್ ಇದೆಯಲ್ಲ, ಅದು ದೊಡ್ಡ ತಲೆನೋವು. ಪೈಪ್ ಹಿಡಿದು ನಿಂತ ಹೆಲ್ಪರ್ ಹುಡುಗನಿಗೆ ಏನೂ ಕೊಟ್ಟಿರುವುದಿಲ್ಲ, "ಆ ಕಡೆ ನೋಡೋ" ಅಂದರೆ ಮುಗಿಯಿತು. ಅವನಿಗೂ ಹೆಲ್ಮೆಟ್ ಕೊಡಿ. ರಸ್ತೆ ಬದಿಯಲ್ಲಿ ಕೆಲಸವಾದರೆ ವೆಲ್ಡಿಂಗ್ ಪರದೆ ನಿಲ್ಲಿಸಿ, ಅದಿಲ್ಲದಿದ್ದರೆ ತಗಡೇ ಇರಲಿ. ಆದರೆ ಹೊಳೆಯುವ ತಗಡು ಬೆಳಕನ್ನು ವಾಪಸ್ ಹೊಡೆಯುತ್ತದೆ, ಹೆಲ್ಮೆಟ್ ಹಿಂದಿನಿಂದಲೂ ಒಳಗೆ ಬರುತ್ತದೆ, ಹಾಗಾಗಿ ಅದಕ್ಕೆ ಹೊಳಪಿಲ್ಲದ ಬಣ್ಣ ಬಳಿಯಿರಿ. ಅಲ್ಯೂಮಿನಿಯಂ, ಸ್ಟೇನ್‌ಲೆಸ್ ಕೆಲಸದಲ್ಲಿ ಇದು ಇನ್ನೂ ಜಾಸ್ತಿ.

ಮೈ ಚರ್ಮವೂ ಸುಡುತ್ತದೆ. ಶರ್ಟಿನ ಮೇಲಿನ ಗುಂಡಿ ಬಿಚ್ಚಿಟ್ಟವರ ಕತ್ತಿನ ಕೆಳಗೆ ಕೆಂಪಗೆ ಒಂದು ತ್ರಿಕೋನ ನೋಡಿರುತ್ತೀರಿ. ದಪ್ಪ ಕಾಟನ್ ತುಂಬುತೋಳು, ಚರ್ಮದ ಕೈಗವಸು, ಗುಂಡಿ ಪೂರ್ತಿ. ಪಾಲಿಯೆಸ್ಟರ್ ಟೀಶರ್ಟ್ ಬೇಡ, ಕಿಡಿ ಬಿದ್ದರೆ ಕರಗಿ ಮೈಗೆ ಅಂಟುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ವೆಲ್ಡಿಂಗ್‌ನ ಅತಿನೇರಳೆ ಕಿರಣವನ್ನು ಕ್ಯಾನ್ಸರ್ ತರುವವುಗಳ ಮೊದಲ ಗುಂಪಿನಲ್ಲೇ ಇಟ್ಟಿದೆ, ಸುಮ್ನೆ ಹೆದರಿಸುವ ಮಾತಲ್ಲ.

ಇಷ್ಟಾಗಿಯೂ ಕಣ್ಣಿಗೆ ಬೆಳಕು ಹೊಡೆದರೆ? ಉಜ್ಜಬೇಡಿ. ಕಾಂಟ್ಯಾಕ್ಟ್ ಲೆನ್ಸ್ ಇದ್ದರೆ ತೆಗೆಯಿರಿ, ಕತ್ತಲ ಕೋಣೆಯಲ್ಲಿ ಮುಚ್ಚಿದ ರೆಪ್ಪೆ ಮೇಲೆ ತಣ್ಣೀರಿನ ಬಟ್ಟೆ ಇಟ್ಟು ಮಲಗಿ. ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ವಾಸಿಯಾಗುತ್ತದೆ. ಎದೆಹಾಲು, ಜೇನುತುಪ್ಪ ಬಿಡುವುದು ಬೇಡ, ಸೋಂಕು ತಗಲಬಹುದು. ಮೆಡಿಕಲ್ ಶಾಪಿನಿಂದ ಮರಗಟ್ಟಿಸುವ ಡ್ರಾಪ್ಸ್ ತಂದು ಹಾಕಿಕೊಳ್ಳುವುದು ಅದಕ್ಕಿಂತ ಕೆಟ್ಟದು: ನೋವು ಮಾಯವಾಗುತ್ತದೆ, ಆದರೆ ಪದೇ ಪದೇ ಹಾಕಿದರೆ ಕಾರ್ನಿಯಾದ (ಕಣ್ಣಿನ ಮುಂದಿನ ಪಾರದರ್ಶಕ ಪದರದ) ಗಾಯ ಮಾಯುವುದಿಲ್ಲ. ಮರುದಿನಕ್ಕೂ ನೋವು ಇಳಿಯದಿದ್ದರೆ, ದೃಷ್ಟಿ ಮಂಜಾದರೆ, ಅಥವಾ ಒಂದೇ ಕಣ್ಣು ಚುಚ್ಚುತ್ತಿದ್ದರೆ ಕಣ್ಣಿನ ಡಾಕ್ಟರ್ ಹತ್ತಿರ ಹೋಗಿ. ಒಂದೇ ಕಣ್ಣಾದರೆ ಅದು ಬೆಳಕಿನ ಪೆಟ್ಟಲ್ಲದೆ ಒಳಗೆ ಕೂತ ಕಬ್ಬಿಣದ ಚೂರೂ ಇರಬಹುದು.