ಹಳೇ ಪಿಸಿಯಲ್ಲೇ 4ಕೆ ವಿಡಿಯೊ ಓಡಿಸಿದ ನನ್ನ ಅನುಭವ

ನನ್ನ ಐ5-2400 ಪಿಸಿಯಲ್ಲಿ ಈಗ 4ಕೆ, ಸೆಕೆಂಡಿಗೆ 60 ಫ್ರೇಮಿನ 10-ಬಿಟ್ ಎಚ್‌ಇವಿಸಿ ಕ್ಲಿಪ್ ಸಲೀಸಾಗಿ ಓಡುತ್ತದೆ. ಎಚ್‌ಇವಿಸಿ ಅಂದರೆ ವಿಡಿಯೊವನ್ನು ತುಂಬಾ ಒತ್ತಿ ಚಿಕ್ಕದು ಮಾಡುವ ವಿಧಾನ, 10-ಬಿಟ್ ಅಂದರೆ ಬಣ್ಣದ ಛಾಯೆಗಳು ಹೆಚ್ಚು. ಐ5-2400 ಅನ್ನೋದು 2011ರ ಪ್ರೊಸೆಸರ್. "ಗುಜರಿಗೆ ಹಾಕಿ ಸರ್, 45 ಸಾವಿರಕ್ಕೆ ಹೊಸದು ಜೋಡಿಸಿ ಕೊಡ್ತೀನಿ" ಅಂದವರೇ ಎಲ್ಲ.

ನನ್ನದು ಮದುವೆ ವಿಡಿಯೊ ಕೆಲಸ. ಮನೆಯವರು ಮೊಬೈಲಲ್ಲಿ ತೆಗೆದ ಕ್ಲಿಪ್‌ಗಳನ್ನೂ ಪೆನ್‌ಡ್ರೈವಲ್ಲಿ ತಂದುಕೊಡುತ್ತಾರೆ. ಅದನ್ನು ಹಾಕಿದರೆ ಧಾರೆ ಎರೆಯುವ ಹೊತ್ತಿಗೆ ಚಿತ್ರ ನಿಂತೇಬಿಡುತ್ತಿತ್ತು, ಓಲಗ ಮಾತ್ರ ಮುಂದೆ ಓಡುತ್ತಿತ್ತು. ಗಿರಾಕಿ ಪಕ್ಕದಲ್ಲೇ ಕೂತಿರುತ್ತಾರೆ ಅಲ್ವಾ!

ಮೊದಲು ಕಂಪ್ಯೂಟರ್ ಅಂಗಡಿಯವರು ಎಸ್‌ಎಸ್‌ಡಿ ಹಾಕಿಸಿದರು. ಎರಡು ಸಾವಿರದ ಹತ್ತಿರ ಹೋಯಿತು. ಆಮೇಲೆ ರ‍್ಯಾಮ್ 8 ಜಿಬಿ ಮಾಡಿಸಿದರು. ಅದಕ್ಕೂ ಸಾವಿರ ಚಿಲ್ಲರೆ. ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲ. ಆಗಲೇ ಸುಮ್ನೆ ದುಡ್ಡು ಸುರಿಯೋದು ನಿಲ್ಲಿಸಿ ಅಳೆಯಲು ಕೂತೆ.

ಎಫ್‌ಎಫ್‌ಎಂಪೆಗ್ ಅನ್ನೋ ವಿಡಿಯೊ ಸಾಫ್ಟ್‌ವೇರಲ್ಲಿ ಆಡಿಯೊ ತೆಗೆದು, ಔಟ್‌ಪುಟ್ಟನ್ನು ಎಲ್ಲೂ ಉಳಿಸದೆ ನಲ್‌ಗೆ ಬಿಟ್ಟು ಬರೀ ಡಿಕೋಡ್, ಅಂದರೆ ಒತ್ತಿದ ವಿಡಿಯೊ ಬಿಚ್ಚುವ ಕೆಲಸ, ಓಡಿಸಿದೆ. ಸ್ಪೀಡ್ 0.4 ಆಸುಪಾಸು ಬಂತು, ಅಂದರೆ ಒಂದು ಸೆಕೆಂಡಲ್ಲಿ 0.4 ಸೆಕೆಂಡಿನ ವಿಡಿಯೊ ಮಾತ್ರ ಬಿಚ್ಚಿತು. 1 ದಾಟದಿದ್ದರೆ ಯಾವ ಪ್ಲೇಯರ್ ಹಾಕಿದರೂ ಫ್ರೇಮ್ ಬೀಳಲೇಬೇಕು (ಡ್ರಾಪ್). ಪ್ರೊಸೆಸರಿನ ನಾಲ್ಕೂ ಕೋರ್ ಶೇ. 100ಕ್ಕೆ ಏರಿ ಕೂತಿದ್ದವು. ಡಿಸ್ಕಿನದೇನೂ ತಪ್ಪಿರಲಿಲ್ಲ. 50 ಎಂಬಿಪಿಎಸ್ ಕ್ಲಿಪ್ ಅಂದರೆ ಸೆಕೆಂಡಿಗೆ 6 ಎಂಬಿ ಚಿಲ್ಲರೆ, ಹಳೇ ಹಾರ್ಡ್ ಡಿಸ್ಕಿಗೂ ಅದು ಲೆಕ್ಕಕ್ಕಿಲ್ಲ.

ಹಾಗಾಗಿ ಬೇಕಿದ್ದದ್ದು 10-ಬಿಟ್ ಎಚ್‌ಇವಿಸಿ ಬಿಚ್ಚುವ ಗ್ರಾಫಿಕ್ಸ್ ಕಾರ್ಡ್ ಮಾತ್ರ. ಜಿಟಿ 710 ಅಗ್ಗ, ಆದರೆ ಅದಕ್ಕೆ ಎಚ್‌ಇವಿಸಿ ಬರಲ್ಲ. ಸೆಕೆಂಡ್ ಹ್ಯಾಂಡ್ ಜಿಟಿ 1030, ಸುಮಾರು ಮೂರು ಸಾವಿರಕ್ಕೆ ತಂದೆ. ಜಿಡಿಡಿಆರ್5 ಮೆಮೊರಿ ಇರುವುದನ್ನೇ ಹುಡುಕಿ ತಂದೆ. ಅದೇ ಹೆಸರಲ್ಲಿ ಡಿಡಿಆರ್4ದೂ ಮಾರುತ್ತಾರೆ, ಅದರ ಮೆಮೊರಿ ತುಂಬಾ ನಿಧಾನ. 30 ವ್ಯಾಟಿನ ಕಾರ್ಡ್, ಎಸ್‌ಎಂಪಿಎಸ್ (ಪವರ್ ಸಪ್ಲೈ) ಬದಲಿಸುವ ತಾಪತ್ರಯ ಇಲ್ಲ.

ಎಂಪಿವಿ ಪ್ಲೇಯರಲ್ಲಿ ಹಾರ್ಡ್‌ವೇರ್ ಡಿಕೋಡಿಂಗ್ (ಕಾರ್ಡೇ ವಿಡಿಯೊ ಬಿಚ್ಚುವುದು) ತಾನಾಗಿ ಆನ್ ಇರುವುದಿಲ್ಲ, ನಾವೇ ಹಾಕಬೇಕು. ಶಿಫ್ಟ್ ಜೊತೆ ಐ ಒತ್ತಿ ಡ್ರಾಪ್ ಲೆಕ್ಕ ನೋಡಿದೆ. ಮೊದಲು ನಿಮಿಷಕ್ಕೆ ಸಾವಿರದ ಮೇಲೆ ಬೀಳುತ್ತಿದ್ದದ್ದು ಸೊನ್ನೆ! ಸಿಪಿಯು ಬಳಕೆ ಶೇ. ಹತ್ತು ಹನ್ನೆರಡಕ್ಕೆ ಇಳಿಯಿತು. ಕಾನ್ಫಿಗ್ ಫೈಲಲ್ಲಿ ಇನ್ನೆರಡು ಸಾಲು ಸೇರಿಸಿದ್ದೇನೆ, ಅವು ನನ್ನ ಅಂಗಡಿಯಲ್ಲೇ ಇರಲಿ.

ನಡುವೆ ಇನ್ನೊಂದು ಪ್ರಯೋಗ ಮಾಡಿದೆ. ನನ್ನ ಕ್ಯಾಮೆರಾದ 25 ಫ್ರೇಮ್ ವಿಡಿಯೊದಲ್ಲಿ ಡ್ರಾಪ್ ಸೊನ್ನೆ ಇದ್ದರೂ ಮಂಟಪದ ಮೇಲೆ ನಿಧಾನ ಪ್ಯಾನ್ ಮಾಡುವಾಗ ಸಣ್ಣ ಜರ್ಕ್ ಕಾಣುತ್ತಿತ್ತು. ಮಾನಿಟರ್ 60 ಹರ್ಟ್ಸ್. ಅದಕ್ಕೆ 25 ಸಮ ಕೂರಲ್ಲ, ಒಂದು ಫ್ರೇಮ್ ಎರಡು ಸಲ, ಇನ್ನೊಂದು ಮೂರು ಸಲ ಬರುತ್ತದೆ. 50 ಹರ್ಟ್ಸಿಗೆ ಇಳಿಸಿದೆ. ಪೈಸೆ ಖರ್ಚಿಲ್ಲದೆ ನುಣುಪಾಯಿತು. ಇದನ್ನು ಎಷ್ಟೋ ಜನ ನೋಡುವುದೇ ಇಲ್ಲ.

4:2:2 10-ಬಿಟ್ ಫೈಲ್ (ಬಣ್ಣದ ವಿವರ ಇನ್ನೂ ಹೆಚ್ಚಿರುವುದು) ಮಾತ್ರ ಈ ಕಾರ್ಡಿಗೆ ಆಗಲ್ಲ, ಮತ್ತೆ ಸಿಪಿಯು ಮೇಲೇ ಬೀಳುತ್ತದೆ. ಅಂಥದ್ದು ಬಂದರೆ ರಾತ್ರಿ 1080ರ ಎಚ್.264 ಪ್ರಾಕ್ಸಿಗೆ (ಹಗುರವಾದ ನಕಲಿಗೆ) ಹಾಕಿ ಮಲಗುತ್ತೇನೆ. ಬೆಳಿಗ್ಗೆ ಗಿರಾಕಿ ಬರುವಷ್ಟರಲ್ಲಿ ರೆಡಿ ಇರುತ್ತದೆ.